ನೆರಳಿಗೆ ಕರೆದವಳು

ಎಪ್ಪತ್ತೆರಡರ ಬರ ನಮ್ಮ ಕಡೆ ಎಪ್ಪತ್ತೆರಡಕ್ಕೇ ಮುಗಿಯಲಿಲ್ಲ. ಮರುವರ್ಷದ ಬೇಸಿಗೆಯಲ್ಲೂ ಸರಕಾರ ಊರೂರಿಗೆ ಕೆಲಸ ತೆಗೆದಿತ್ತು. ಕಲ್ಲು ಒಡೆಯುವುದು, ರಸ್ತೆಗೆ ಗರಸು ಹಾಕುವುದು, ಕೆರೆಗೆ ಒಡ್ಡು ಕಟ್ಟುವುದು. ಹೊಲ ಇದ್ದವರು, ಇಲ್ಲದವರು ಎನ್ನದೆ ಎಲ್ಲರ ಮನೆಯ ಹೆಂಗಸರೂ ಬುಟ್ಟಿ ಹಿಡಿದು ಹೋಗುತ್ತಿದ್ದರು. ನನ್ನ ಅಕ್ಕನನ್ನು ಇಂಡಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು, ಹೊರ್ತಿಯಿಂದ ನಡೆದು ಹೋಗುವಷ್ಟು ದೂರ. ಅವಳೂ ಹಾಗೆ ಹೋದವಳೇ. ಜೊತೆಗೆ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಸಿಂದಗಿಯ ಹುಡುಗಿ. ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದಿದ್ದಳು. ತಂದೆ ಇರಲಿಲ್ಲ, ತಾಯಿಗೆ ಒಬ್ಬಳೇ ಮಗಳು.

ನೆಗೆಣ್ಣಿಯರೆಂದರೆ ಒಲೆ ಬೇರೆಯಾಗುವವರೆಗಿನ ಸಂಬಂಧ ಎನ್ನುತ್ತಾರೆ. ಇವರಿಬ್ಬರದು ಹಾಗಿರಲಿಲ್ಲ. ನನ್ನ ಅಕ್ಕ ದೊಡ್ಡ ದನಿಯವಳು. ನಗುವಾಗ ಹಿತ್ತಲಿನಲ್ಲಿದ್ದರೂ ಬೀದಿಗೆ ಕೇಳಿಸುತ್ತಿತ್ತು. ಆ ಹುಡುಗಿ ಅವಳ ಸೆರಗು ಹಿಡಿದುಕೊಂಡೇ ಓಡಾಡುತ್ತಿತ್ತಂತೆ. ಒಮ್ಮೆ ಪಂಚಮಿಗೆ ಅಕ್ಕ ಅವಳನ್ನೂ ಬಾಗೇವಾಡಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದಿದ್ದಳು. ಜೋಕಾಲಿ ಜೀಕುವಾಗ ಹೆದರಿ ಕೂಗಿ, ಇಳಿದ ಮೇಲೆ ಇನ್ನೊಂದು ಸಲ ಎಂದು ಹಠ ಮಾಡಿದ್ದು ನನಗೆ ಈಗಲೂ ಕಾಣುತ್ತದೆ.

ಆ ದಿನ ಆದದ್ದನ್ನು ನಾನು ಕಂಡವಳಲ್ಲ. ಒಡ್ಡಿಗೆಂದು ಗರಸು ಅಗೆದು ಅಗೆದು ದೊಡ್ಡ ತಗ್ಗು ಬಿದ್ದಿತ್ತಂತೆ. ತಳದಲ್ಲಿ ಒಳಗೊಳಗೆ ಕಡಿಯುತ್ತ ಹೋದದ್ದರಿಂದ ಮೇಲಿನ ಮಣ್ಣು ಚಾವಣಿಯ ಹಾಗೆ ಮುಂದಕ್ಕೆ ಚಾಚಿಕೊಂಡಿತ್ತು. ಮಧ್ಯಾಹ್ನ ರೊಟ್ಟಿಗೆ ಬಿಟ್ಟಾಗ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಒಂದು ಗಿಡವಿಲ್ಲ. ಕೆಲವರು ಆ ಮಣ್ಣಿನ ನೆರಳಿಗೆ ಹೋಗಿ ಕುಳಿತರು. ಗಂಟು ಬಿಚ್ಚಿ ಉಂಡು ಮುಗಿಸುವಷ್ಟರಲ್ಲಿ ಮೇಲಿನ ದಡ ಕುಸಿಯಿತು. ಅಂಚಿನಲ್ಲಿದ್ದವರು ಎದ್ದು ಓಡಿದರು. ಒಳಗೆ ಸಿಕ್ಕವರು ಅಕ್ಕ ಮತ್ತು ಆ ಹುಡುಗಿ. ಅಗೆದು ತೆಗೆದಾಗ ಅಕ್ಕನಲ್ಲಿ ಜೀವವಿತ್ತು. ಹುಡುಗಿಯಲ್ಲಿ ಇರಲಿಲ್ಲ.

ಹುಡುಗಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕನನ್ನು ತವರಿಗೆ ತಂದು ಬಿಟ್ಟರು. ನಾನು ಆಗ ಶಿಕ್ಷಕಿಯ ತರಬೇತಿ ಮುಗಿಸಿ ನೌಕರಿಯ ದಾರಿ ಕಾಯುತ್ತ ಮನೆಯಲ್ಲೇ ಇದ್ದೆ. ಪಕ್ಕೆಲುಬಿನ ನೋವು ಬಿಟ್ಟರೆ ಅವಳ ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಅವ್ವ ನೀವಾಳಿಸಿ ಒಳಗೆ ಕರೆದಳು. ಅಕ್ಕ ಹೊಸ್ತಿಲು ದಾಟಿ ಎರಡು ಹೆಜ್ಜೆ ಬಂದವಳು ತಲೆಯೆತ್ತಿ ನೋಡಿದಳು. ನಮ್ಮ ಕಡೆಯ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಇಲಿ ಓಡಿದರೂ ಜಂತಿಯ ಸಂದಿಯಿಂದ ಒಂದಿಷ್ಟು ಉದುರುವುದು ಸಾಮಾನ್ಯ. ಅವಳು ನೋಡುತ್ತಿದ್ದ ಹಾಗೆಯೇ ಒಂದು ಚಿಟಿಕೆ ಮಣ್ಣು ಉದುರಿತು. ಅಕ್ಕ ತಿರುಗಿ ಅಂಗಳಕ್ಕೆ ಓಡಿದಳು. ಅಂದಿನಿಂದ ಅವಳ ಊಟ, ಮಲಗುವುದು, ಕೂರುವುದು ಎಲ್ಲ ಅಂಗಳದಲ್ಲೇ.

ಬಾಯಿ ತೊಳೆದುಕೊಳ್ಳುವುದು ಇನ್ನೊಂದು. ತಂಬಿಗೆ ಹಿಡಿದು ಬಚ್ಚಲ ಹತ್ತಿರ ಹೋಗಿ ಮುಕ್ಕಳಿಸಿ ಮುಕ್ಕಳಿಸಿ ಉಗುಳುತ್ತಿದ್ದಳು. ಏನೆಂದು ಕೇಳಿದರೆ, "ಮಣ್ಣ ಹೋಗವಲ್ದು" ಎನ್ನುತ್ತಿದ್ದಳು. ನೀರಿಗೆ ತತ್ವಾರವಿದ್ದ ಕಾಲ. ಆದರೂ ಅವ್ವ ಒಂದು ದಿನವೂ ಬೇಡ ಎನ್ನಲಿಲ್ಲ.

ಅಪ್ಪ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು: "ಆದದ್ದು ಆಗಿ ಹೋತು. ಹೊಳ್ಳಿ ಹೊಳ್ಳಿ ನೆನಪ ತಗದ್ರ ಗಾಯ ಮಾಯೂದಿಲ್ಲ. ಈ ಮನ್ಯಾಗ ಇನ್ನ ಮ್ಯಾಲ ಆ ಸುದ್ದಿ ಯಾರೂ ಎತ್ತಬ್ಯಾಡ್ರಿ."

ಎಲ್ಲರೂ ಹೂಂ ಎಂದು ಮಾತು ಕೊಟ್ಟೆವು, ಎತ್ತಲಿಲ್ಲ. ಅಪ್ಪ ಕಲ್ಲು ಮನಸ್ಸಿನವನೆಂದು ಯಾರೂ ತಿಳಿಯಬಾರದು. ಅಂಗಳದಲ್ಲಿ ಮಗಳು ಒಬ್ಬಳೇ ಮಲಗಬಾರದೆಂದು ತನ್ನ ಹೊರಸನ್ನೂ ಹೊರಗೆ ತಂದು ಹಾಕಿಕೊಂಡವನು ಅವನು. ಮಳೆಗಾಲ ಬಂದಾಗ ಜೋಳದ ದಂಟಿನಿಂದ ಅವಳಿಗೊಂದು ಚಪ್ಪರ ಕಟ್ಟಿದ. ಆದರೆ ಅಕ್ಕ, "ಆ ದಿನ ನಾನ ಆಕಿನ್ನ..." ಎಂದು ಬಾಯಿ ತೆರೆದ ಪ್ರತಿ ಸಲವೂ ಅವ್ವ ಅವಳ ಬಾಯಿಯ ಮೇಲೆ ಕೈಯಿಟ್ಟು, "ಬ್ಯಾಡವಾ, ನನ್ನ ಬಂಗಾರ, ಅದನ್ನ ನೆನಸಬ್ಯಾಡ" ಎನ್ನುತ್ತಿದ್ದಳು. ಒಂದು ತುಂಡು ಬೆಲ್ಲ ತಂದು ಕೈಗೆ ಕೊಡುತ್ತಿದ್ದಳು. ಅಕ್ಕ ಬೆಲ್ಲ ಹಿಡಿದುಕೊಂಡು ಸುಮ್ಮನಾಗುತ್ತಿದ್ದಳು. ಕೆಲವು ತಿಂಗಳಲ್ಲಿ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು. ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ನಾವು ಸಮಾಧಾನಪಟ್ಟುಕೊಂಡೆವು.

ಮಾಡದ ಉಪಚಾರವಿಲ್ಲ. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಯಾರೋ ಹೇಳಿದರೆಂದು ಗಾಳಿ ಬಿಡಿಸುವವನೊಬ್ಬನ ಹತ್ತಿರ ಒಯ್ದರು, ನಾನೂ ಹೋಗಿದ್ದೆ. ಅವನು ಬೇವಿನ ತೊಪ್ಪಲು ಹಿಡಿದು, ಸತ್ತ ಹುಡುಗಿಯೇ ಬಂದು ಮೈಯಲ್ಲಿ ಸೇರಿದ್ದಾಳೆ ಎಂದ. ಅಷ್ಟು ದಿನ ಮಾತಿಲ್ಲದೆ ಇದ್ದ ಅಕ್ಕ ಥಟ್ಟನೆ ಅವನ ಕಾಲು ಹಿಡಿದಳು.

"ಆಕಿ ಖರೇನ ಬಂದಾಳೇನ್ರಿ? ಹಂಗಾದ್ರ ಬಿಡಿಸಬ್ಯಾಡ್ರಿ. ಒಮ್ಮೆ ಮಾತಾಡಸ್ರಿ. ನಾ ಆಕಿಗೊಂದು ಮಾತ ಕೇಳೂದೈತಿ."

ಅವನು ತೊಪ್ಪಲಿನಿಂದ ಹೊಡೆದ. ಎರಡನೆಯ ಪೆಟ್ಟಿಗೆ ಅಪ್ಪ ಅವನ ಕೈ ಹಿಡಿದು ನಿಲ್ಲಿಸಿ, ಮಗಳನ್ನು ಎಬ್ಬಿಸಿಕೊಂಡು ಹೊರಗೆ ನಡೆದ. ಆಮೇಲೆ ಅಂಥ ಕಡೆ ಎಲ್ಲಿಯೂ ಒಯ್ಯಲಿಲ್ಲ. ಆದರೆ ಏನು ಕೇಳುವುದಿತ್ತು ಎಂದು ಅಪ್ಪ ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲೂ ಇಲ್ಲ.

ಸೋದರಮಾವನೊಬ್ಬ ಬಂದವನು, "ಧಾರವಾಡಕ್ಕರೆ ತೋರಿಸ್ರಿ" ಎಂದ. ನಮ್ಮ ಕಡೆ ಧಾರವಾಡಕ್ಕೆ ಕಳಿಸು ಎಂದರೆ ಹುಚ್ಚರ ಸಾಲಿಗೆ ಸೇರಿಸು ಎಂದೇ ಅರ್ಥ. ಅವ್ವ ಗೋಡೆಗೆ ತಲೆ ಬಡಿದುಕೊಂಡು ಅತ್ತಳು. ಅಪ್ಪ ಎದ್ದು ಹೋದ. ಅಲ್ಲಿ ಒಳ್ಳೆಯ ವೈದ್ಯರಿದ್ದರೋ ಏನೋ, ಅವಳನ್ನು ಕೂರಿಸಿಕೊಂಡು ಕೇಳುತ್ತಿದ್ದರೋ ಏನೋ. ಆ ಊರಿನ ಹೆಸರಿಗೆ ಅಂಟಿದ ಮಾತಿಗೆ ಹೆದರಿ ನಾವು ಬಸ್ಸು ಹತ್ತಲೇ ಇಲ್ಲ.

ಮೊದಲ ವರ್ಷ ಅಕ್ಕನ ಗಂಡ ಆಗಾಗ ಬರುತ್ತಿದ್ದ. ಮೊದಲಿನಿಂದಲೂ ಮಾತು ಕಡಿಮೆ. ಬಾವಿಯಲ್ಲಿ ಉಳಿದಷ್ಟು ನೀರಿನಲ್ಲಿ ಅವನ ನಿಂಬೆ ಗಿಡಗಳು ಹೇಗೋ ಜೀವ ಹಿಡಿದಿದ್ದವು. ಬಾಯಿಯ ರುಚಿಗೆ ಆದೀತೆಂದು ಚೀಲದಲ್ಲಿ ನಿಂಬೆಹಣ್ಣು ತಂದು ಕಟ್ಟೆಯ ಮೇಲೆ ಇಡುತ್ತಿದ್ದ. ಅಪ್ಪನ ಹತ್ತಿರ ಮಳೆಯ ಮಾತು, ಮೇವಿನ ಮಾತು. ಅಕ್ಕ ಅವನ ಕಡೆ ಬೆನ್ನು ಮಾಡಿ ಕುಳಿತಿರುತ್ತಿದ್ದಳು. ಹೋಗುವಾಗ ಅವನು ಅವಳಿದ್ದ ಕಡೆ ಒಮ್ಮೆ ನೋಡಿ, "ಬರ್ತೇನ್ರಿ" ಎಂದು ಅಪ್ಪನಿಗೆ ಹೇಳಿ ಇಳಿದುಬಿಡುತ್ತಿದ್ದ. ಬರುವುದು ಬರಬರುತ್ತ ತೆಳುವಾಯಿತು.

ಅಷ್ಟರಲ್ಲಿ ನನಗೆ ಮುದ್ದೇಬಿಹಾಳದ ಹೆಣ್ಣುಮಕ್ಕಳ ಸಾಲಿಯಲ್ಲಿ ನೌಕರಿಯಾಯಿತು. ಬಾಡಿಗೆಗೆ ಹಿಡಿದ ಕೋಣೆಗೆ ಪತ್ರಾಸಿನ ಚಾವಣಿ. ಬೇಸಿಗೆಯಲ್ಲಿ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಬೇರೆ ಕೋಣೆ ನೋಡು ಎಂದರು ಜೊತೆಯ ಶಿಕ್ಷಕಿಯರು. ಆದರೆ ಆ ತಗಡನ್ನು ನೋಡಿದ ದಿನವೇ ನನಗೆ ಅನ್ನಿಸಿದ್ದು ಒಂದೇ: ಮೇಲೆ ಮಣ್ಣಿಲ್ಲ. ದಸರೆಯ ರಜೆಗೆ ಹೋದವಳು ಅಪ್ಪನನ್ನು ಒಪ್ಪಿಸಿ ಅಕ್ಕನನ್ನು ಕರೆದುಕೊಂಡು ಬಂದೆ.

ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಕೋಲಿನಿಂದ ತಗಡನ್ನು ತಟ್ಟಿ ಸದ್ದು ಕೇಳಿದಳು. ಆಮೇಲೆ ಒಳಗೆ ಬಂದು ಗೋಡೆಗೆ ಒರಗಿ ಕುಳಿತಳು. ಅಂದು ಒಳಗೇ ಮಲಗಿದಳು. ಊರಿಗೆ ಹೋಗುವ ಯಾರ ಕೈಯಲ್ಲೋ ಈ ಸುದ್ದಿ ಹೇಳಿ ಕಳಿಸಿದಾಗ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳಂತೆ.

ಮುದ್ದೇಬಿಹಾಳದಲ್ಲಿ ಅವಳನ್ನು ಯಾರೂ ಅರಿಯರು. ಅದೇ ಅರ್ಧ ಔಷಧವಾಯಿತು. ನಾನು ಸಾಲಿಗೆ ಹೋದಾಗ ರೊಟ್ಟಿ ಬಡಿಯುತ್ತಿದ್ದಳು, ನೀರು ತರುತ್ತಿದ್ದಳು, ವಾರದ ಸಂತೆಗೂ ಹೋಗತೊಡಗಿದಳು. ಬಾಯಿ ಮುಕ್ಕಳಿಸುವುದು ಮಾತ್ರ ನಿಲ್ಲಲಿಲ್ಲ. ನಿದ್ದೆಯೂ ಇಷ್ಟಿಷ್ಟೇ. ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಹರೆಯದವರು, ಹೊಸದಾಗಿ ಬಂದಿದ್ದರು. ನಾಲಗೆ ನೋಡಿದರು, ಎದೆ ನೋಡಿದರು, ಏನೂ ಇಲ್ಲ ಎಂದರು. ನಾನು ಮಣ್ಣು ಕುಸಿದ ಸಂಗತಿಯನ್ನು ಚುಟುಕಾಗಿ ಹೇಳಿದೆ. ಅವರು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು.

"ಏನಾತವಾ ಆ ದಿನ?"

ಎರಡು ವರ್ಷಗಳ ಹತ್ತಿರ ಬಂದಿತ್ತು. ಅವಳನ್ನು ಈ ಮಾತು ಕೇಳಿದವರಲ್ಲಿ ಇವರೇ ಮೊದಲಿಗರು. ಅಕ್ಕ ಅವರ ಮುಖವನ್ನೇ ನೋಡಿದಳು. ತುಟಿ ಅಲುಗಿತು. "ಬಿಸಲ ಭಾಳ ಇತ್ರಿ" ಎಂದಳು. ಅಷ್ಟರಲ್ಲಿ ಚೇಳು ಕಚ್ಚಿದ ಮಗುವನ್ನು ಎತ್ತಿಕೊಂಡು ನಾಲ್ಕು ಜನ ಒಳಗೆ ನುಗ್ಗಿದರು. ಡಾಕ್ಟರು ಎದ್ದು ಹೋದರು. ಆಮೇಲೆ ಹೊರಗೆ ಬಂದು ನನಗೆ ಹೇಳಿದರು: "ನಿದ್ದಿ ಗುಳಗಿ ಕೊಡ್ತೇನ್ರಿ. ಆದ್ರ ಇದು ಗುಳಗಿಯಿಂದ ಹೋಗೂದಲ್ಲ. ಒಳಗಿದ್ದದ್ದು ಹೊರಗ ಬರ್ಬೇಕು. ಮುಂದಿನ ವಾರ ಕರಕೊಂಡ ಬರ್ರಿ, ಸಾವಕಾಶ ಕುಂತ ಕೇಳೂಣು."

ಮುಂದಿನ ವಾರ ಹೋದಾಗ ಅವರಿಗೆ ವರ್ಗವಾಗಿತ್ತು. ಅವರ ಕುರ್ಚಿಯಲ್ಲಿದ್ದವರು ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು ಬಾಗಿಲು ತೆರೆಯುವಾಗ ಅಕ್ಕ, "ಅವರು ಕೇಳಿದ್ರ ಹೇಳಾಕಿ ಇದ್ನಿ" ಎಂದಳು.

"ನನ್ನ ಮುಂದ ಹೇಳಕ್ಕಾ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ನೀ ಅಪ್ಪಗ ಮಾತ ಕೊಟ್ಟೀದಿ."

ಮತ್ತೊಂದು ಬೇಸಿಗೆ ಬಂತು. ರವಿವಾರ ಮುಂಜಾನೆ ನಾನು ಹೊರಗೆ ಬಟ್ಟೆ ಒಗೆಯುತ್ತಿದ್ದೆ. ತಲೆ ತುಂಬ ಬಿಳಿಯಾದ, ಆದರೆ ಮುಖ ಅಷ್ಟು ಮುಪ್ಪಾಗದ ಹೆಂಗಸೊಬ್ಬಳು ಕೈಯಲ್ಲೊಂದು ಗಂಟು ಹಿಡಿದು ಬಂದು ನಿಂತಳು.

"ಬಾಗೇವಾಡಿ ಅಕ್ಕೋರ ಮನಿ ಇದೇನವಾ?"

ಸಾಲಿಯ ಶಿಕ್ಷಕಿಯನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹೌದೆಂದೆ. ಅಷ್ಟರಲ್ಲಿ ಕೈಗೆ ಹಿಟ್ಟು ಮೆತ್ತಿದ್ದ ಅಕ್ಕ ಬಾಗಿಲಿಗೆ ಬಂದಳು. ಬಂದವಳನ್ನು ನೋಡಿದವಳೇ ಹಿಂದೆ ಸರಿದು ಒಳಗಿನ ಮೂಲೆಗೆ ಹೋಗಿ ಮುಖ ಮುಚ್ಚಿಕೊಂಡಳು. ಆಗ ನನಗೆ ತಿಳಿಯಿತು. ಆ ಹುಡುಗಿಯ ತಾಯಿ. ಅಕ್ಕ ನನ್ನ ಹತ್ತಿರ ಇರುವುದು ಯಾರಿಂದಲೋ ತಿಳಿದು, ಸಿಂದಗಿಯಿಂದ ತಾಳಿಕೋಟೆಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಬಸ್‌ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ನಡೆದು ಬಂದಿದ್ದಳು.

ಅವಳು ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ಕುಳಿತು, ಮೂಲೆಯ ಕಡೆ ನೋಡುತ್ತ ಹೇಳಿದಳು: "ನಾ ಜಗಳಕ್ಕ ಬಂದಿಲ್ಲವಾ. ಒಂದ ಮಾತ ಕೇಳಾಕ ಬಂದೇನಿ. ಹೇಳಿದ್ರ ಹೇಳು. ಇಲ್ಲಂದ್ರ ಹೊಳ್ಳಿ ಹೋಗ್ತೇನಿ."

ಅಕ್ಕ ಮುಖದ ಮೇಲಿನ ಕೈ ತೆಗೆಯಲಿಲ್ಲ.

"ಆಕಿ ಉಂಡಿದ್ಳೇನು?"

ಇಂಥ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅಕ್ಕನೂ ಎಣಿಸಿರಲಿಕ್ಕಿಲ್ಲ. ಕೈ ಕೆಳಗಿಳಿಯಿತು. ಕೆನ್ನೆಗೆ ಹಿಟ್ಟು ಹತ್ತಿತ್ತು.

"ಉಂಡಿದ್ಳು ಯವ್ವಾ" ಎಂದಳು. "ಹೊಟ್ಟಿ ತುಂಬ ಉಂಡಿದ್ಳು. ಅಗಸಿ ಚಟ್ನಿ ಖಾರ ಆಗೇತಿ ಅಂತ ನಕ್ಕೋತ ಬಾಯಿ ಊದಕೊಳ್ಳಾಕತ್ತಿದ್ಳು. ನೀರ ಕೊಡಕ್ಕಾ ಅಂದ್ಳು. ತಂಬಗಿ ನನ್ನ ಕೈಯಾಗ ಇತ್ತು. ಕೊಡಬೇಕಂತ ಕೈ ಮುಂದ ಮಾಡಿದ್ನಿ..."

ಅಲ್ಲಿಗೆ ನಿಂತಳು. ತಾಯಿ ಕಾದಳು. ನಾನು ಒಗೆಯುವ ಕಲ್ಲಿನ ಹತ್ತಿರ ಒದ್ದೆ ಬಟ್ಟೆ ಹಿಡಿದು ಹಾಗೆಯೇ ನಿಂತಿದ್ದೆ.

"ನಾನ ಆಕಿನ್ನ ಕರದ್ನಿ ಯವ್ವಾ. ಆಕಿ ಬಿಸಲಾಗ ಬುಟ್ಟಿ ಬೋರಲ ಹಾಕಿ ಅದರ ಮ್ಯಾಲ ಕುಂತಿದ್ಳು. ಇಲ್ಲಿ ನೆರಳೈತಿ, ಬಾ ಅಂತ ನಾನ ಕರದ್ನಿ. ಒಲ್ಲೆ ಅಂದ್ಳು. ಮತ್ತ ಕರದ್ನಿ. ನಾ ಕರೀಲಿಲ್ಲಂದ್ರ ಆಕಿ ಅಲ್ಲೇ ಇರ್ತಿದ್ಳು. ಇವತ್ತಿಗೂ ಇರ್ತಿದ್ಳು."

ಎರಡು ವರ್ಷ ಅವಳ ಬಾಯಲ್ಲಿದ್ದ ಮಣ್ಣು ಯಾವುದೆಂದು ಆಗ ನನಗೆ ಗೊತ್ತಾಯಿತು.

ತಾಯಿ ಕೈಯಲ್ಲಿದ್ದ ಗಂಟನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಂದಳು: "ನೆರಳಿಗಿ ಕರದಿ. ಬಿಸಲಾಗ ಸುಡು ಅಂತ ಬಿಡಬೇಕಿತ್ತೇನು? ನಾ ಅಲ್ಲಿದ್ರ ನಾನೂ ಅಲ್ಲಿಗೇ ಕರೀತಿದ್ನಿ." ಮತ್ತೆ ಹೇಳಿದಳು: "ಸಿಟ್ಟಿತ್ತು ನಿನ್ನ ಮ್ಯಾಲ. ಸುಳ್ಳ ಯಾಕ ಹೇಳ್ಲಿ. ನೀ ಉಳದಿ, ನನ್ನ ಕೂಸು ಹೋತು ಅಂತ ಸಿಟ್ಟು. ಅದಕ್ಕೂ ನಿನ್ನ ಹತ್ರನ ಬರಬೇಕಾಗಿತ್ತು. ಮತ್ತ್ಯಾರ ಹತ್ರ ಹೋಗ್ಲಿ?"

ಅಕ್ಕ ತೆವಳಿದ ಹಾಗೆ ಬಂದು ಅವಳ ಮಡಿಲಲ್ಲಿ ತಲೆಯಿಟ್ಟಳು. ಇಬ್ಬರೂ ಅತ್ತ ದನಿಗೆ ಎದುರು ಮನೆಯವರು ಹೊರಗೆ ಬಂದು ನಿಂತರು. ನಾನು ಅವರನ್ನು ಕೈಸನ್ನೆ ಮಾಡಿ ಕಳಿಸಿದೆ. ಒಲೆಯ ಮೇಲಿನ ರೊಟ್ಟಿ ಹೊತ್ತಿ ಕರಕಲಾಗಿತ್ತು.

ಅಂದು ಆ ತಾಯಿ ನಮ್ಮಲ್ಲೇ ಉಳಿದಳು. ಸಂಜೆ ತನಕ ಕೇಳಿದ್ದನ್ನೇ ಕೇಳಿದಳು, ಅಕ್ಕ ಹೇಳಿದ್ದನ್ನೇ ಹೇಳಿದಳು. ಯಾವ ಸೀರೆ ಉಟ್ಟಿದ್ದಳು, ಮುಂಜಾನೆ ಎದ್ದು ಏನು ಮಾಡಿದಳು, ದಾರಿಯಲ್ಲಿ ಏನು ಮಾತಾಡಿದಳು. ತಾಯಿಗೆ ಒಂದೊಂದೂ ಬೇಕಾಗಿತ್ತು. ಅಕ್ಕನನ್ನು ಬಿಟ್ಟು ಅವನ್ನು ಕೊಡುವವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ.

ಊಟಕ್ಕೆ ಕುಳಿತಾಗ ಅವಳು ಸಹಜವಾಗಿ ಒಂದು ಮಾತು ಹೇಳಿದಳು. "ಮೊದಲ ವರ್ಷನ ಬಂದಿದ್ನಿ ಬಾಗೇವಾಡಿಗಿ. ನಿಮ್ಮಪ್ಪಾರು ಕಟ್ಟಿ ಮ್ಯಾಲ ಕುಂಡ್ರಿಸಿ ಚಹಾ ಕೊಟ್ರು. ಮಗಳು ಮಲಗ್ಯಾಳ, ನಿಮ್ಮನ್ನ ನೋಡಿದ್ರ ಆಕಿ ಜೀವಕ್ಕ ಹೆಚ್ಚು ಕಡಿಮಿ ಆದೀತು ಅಂದ್ರು. ಕೈ ಮುಗದ್ರು. ಹಿರೇರು ಕೈ ಮುಗದ ಮ್ಯಾಲ ಏನ ಮಾಡ್ಲಿ? ಹೊಳ್ಳಿ ಹೋದ್ನಿ."

ಅಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ದಿನ ಅವಳು ಹಿತ್ತಲಲ್ಲಿ ಇದ್ದಿರಬೇಕು. ನಡುವೆ ಒಂದು ಮನೆಯಷ್ಟೇ ಅಡ್ಡ. ಅಪ್ಪ ಮಗಳ ಮೇಲಿನ ಜೀವದಿಂದಲೇ ಆ ಕಟ್ಟೆಯ ಮೇಲೆ ಕೈ ಮುಗಿದು ನಿಂತಿದ್ದ.

ಆ ಭೇಟಿಯ ನಂತರ ಎಲ್ಲವೂ ಒಮ್ಮೆಲೇ ಸರಿಹೋಯಿತೆಂದರೆ ಸುಳ್ಳಾದೀತು. ಆದರೆ ಬಾಯಿ ಮುಕ್ಕಳಿಸುವುದು ಕಡಿಮೆಯಾಯಿತು, ನಿದ್ದೆ ಬಂತು. ಬಾಗಿಲಲ್ಲಿ ಕುಳಿತು ಪಕ್ಕದ ಮನೆಯವಳೊಡನೆ ಮಾತಾಡುತ್ತ ಒಂದು ದಿನ ಗಟ್ಟಿಯಾಗಿ ನಕ್ಕಳು. ಪಾಠದ ತಯಾರಿ ಮಾಡುತ್ತಿದ್ದ ನಾನು ಆ ನಗೆ ಕೇಳಿ ಪುಸ್ತಕ ಮುಚ್ಚಿಟ್ಟೆ. ಶ್ರಾವಣದ ಹೊತ್ತಿಗೆ ಅವಳೇ ಅಂದಳು: "ತಂಗಿ, ನನ್ನ ಊರಿಗಿ ಹೋಗೂಣು. ಅವರಿಗಿ ಹೇಳಬೇಕಾದ್ದು ಭಾಳ ಐತಿ."

ಅಪ್ಪನಿಗೆ ತಿಳಿಸದೆ ಹೊರಟೆವು. ತಿಳಿಸಿದರೆ ಮುಹೂರ್ತ ನೋಡುತ್ತಾನೆ, ಹಿರಿಯರನ್ನು ಕೂಡಿಸುತ್ತಾನೆ ಎಂದು ನಾವೇ ನಕ್ಕೆವು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಸಿಂದಗಿಯಲ್ಲಿ ಇಳಿದು ಆ ತಾಯಿಯನ್ನು ಮಾತಾಡಿಸಿ, ಇಂಡಿಯ ಬಸ್ಸು ಹಿಡಿದು, ಅಲ್ಲಿಂದ ಹೊರ್ತಿಗೆ ಹೋಗಿ ಇಳಿದೆವು. ಆಮೇಲೆ ನಡಿಗೆ. ಆ ವರ್ಷ ಮಳೆ ಚೆನ್ನಾಗಿ ಬಿದ್ದಿತ್ತು. ದಾರಿಯ ಎರಡೂ ಕಡೆ ಸಜ್ಜೆ, ತೊಗರಿ. ಅಕ್ಕ ಮುಂದೆ ಮುಂದೆ ನಡೆಯುತ್ತಿದ್ದಳು. ಆ ಮನೆಗೂ ಮಣ್ಣಿನ ಮಾಳಿಗೆಯೇ ಎಂಬುದು ನನಗೆ ನೆನಪಾಗಿ, "ಒಳಗ ಹೋಗಾಕ ಆಗ್ತೈತೇನಕ್ಕಾ?" ಎಂದು ಕೇಳಿದೆ.

"ಮೊದಲ ಅಂಗಳದಾಗ ಇರ್ತೇನಿ. ಆಮ್ಯಾಲ ನೋಡೂಣು. ಅವರು ಬ್ಯಾಡ ಅನ್ನಾಕಿಲ್ಲ" ಎಂದಳು.

ಬಾಗಿಲು ತೆರೆದವಳು ಒಬ್ಬ ಹುಡುಗಿ. ಕೊರಳಲ್ಲಿ ಹೊಸ ತಾಳಿ, ಕಾಲಿನಲ್ಲಿ ಹೊಸ ಕಾಲುಂಗುರ. ಯಾರೆಂದು ಗೊತ್ತಾಗದೆ, ಬಂದವರಿಗೆ ಮಾಡುವ ಹಾಗೆ, "ಬರ್ರಿ, ಕುಂಡ್ರಿ" ಎಂದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಒಳಗಿನಿಂದ ಬಂದ ಅತ್ತೆ ಅಕ್ಕನನ್ನು ಕಂಡು ಕಂಬ ಹಿಡಿದು ನಿಂತುಬಿಟ್ಟಳು. ಆ ಹುಡುಗಿ ಅತ್ತೆಯ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ತಂಬಿಗೆಯ ನೀರು ತುಳುಕಿತು.

ಅಕ್ಕ ತಂಬಿಗೆ ಇಸಿದುಕೊಂಡಳು. ನಿಂತಲ್ಲೇ ಅಷ್ಟೂ ನೀರು ಕುಡಿದಳು. ತಂಬಿಗೆ ತಿರುಗಿ ಕೊಡುತ್ತ, "ಹೆದರಬ್ಯಾಡವಾ. ಚಂದಾಗಿ ಬಾಳು" ಎಂದಳು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಅಕ್ಕನ ಗಂಡ ಹೊಲದಲ್ಲಿದ್ದ. ಕರೆ ಕಳಿಸುತ್ತೇವೆ ಎಂದರು. ಬೇಡವೆಂದಳು. ಹೊರ್ತಿಯ ದಾರಿ ಮುಗಿಯುವವರೆಗೆ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅಳುತ್ತ ಬಂದವಳು ನಾನು.

ಬಾಗೇವಾಡಿಗೆ ಹೋಗಿ ಅಪ್ಪನನ್ನು ಕೇಳಿದೆ. ಅವನಿಗೆ ಗೊತ್ತಿತ್ತು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ್ದರು. ಅವಳು ಇನ್ನು ಬಾಳುವೆ ಮಾಡುವವಳಲ್ಲ, ಗಂಡಸು ಎಷ್ಟು ದಿನ ಹಾಗಿರಬೇಕು ಎಂದರಂತೆ. ಅಪ್ಪ ತಲೆಯಾಡಿಸಿ ಬಂದಿದ್ದ. ಆ ವರ್ಷದ ವೈಶಾಖದಲ್ಲೇ ಅಕ್ಕನ ಗಂಡನಿಗೆ ಇನ್ನೊಂದು ಲಗ್ನವಾಗಿತ್ತು.

"ಆಕಿಗಿ ಯಾಕ ಹೇಳಲಿಲ್ಲಪ್ಪಾ?"

"ಹ್ಯಾಂಗ ಹೇಳ್ಲೆವಾ?" ಎಂದ. "ಈಗೀಗ ಸ್ವಲ್ಪ ಸುಧಾರಿಸಾಕತ್ತಿದ್ಳು. ಮತ್ತೊಂದ ಪೆಟ್ಟ ಕೊಡ್ಲೇನು?" ಅವನ ಮೇಲೆ ಕೂಗಾಡಬೇಕೆಂದು ಹೋದವಳು ನಾನು. ಎದುರಿಗೆ ಕುಳಿತಿದ್ದದ್ದು ಇಳಿವಯಸ್ಸಿನ, ಸೋತ ಮನುಷ್ಯ. ಅವ್ವ ಕೊಟ್ಟ ಚಹಾ ಕುಡಿದು ಬಸ್ಸಿಗೆ ಎದ್ದೆ.

ಕೆಲವು ದಿನಗಳ ಮೇಲೆ ಅಕ್ಕ ಸಿಂದಗಿಗೆ ಹೋದಳು, ಆ ತಾಯಿಯ ಹತ್ತಿರ ಇದ್ದು ಬರುತ್ತೇನೆಂದು. ಹೋದವಳು ಅಲ್ಲಿಯೇ ಉಳಿದಳು. ಜನ ಏನೇನೋ ಆಡಿಕೊಂಡರು. ಇಬ್ಬರೂ ಸೇರಿ ಕೌದಿ ಹೊಲಿಯುತ್ತಿದ್ದರು, ಖಾರ ಕುಟ್ಟಿ ಕೊಡುತ್ತಿದ್ದರು. ಅವರ ಮನೆಗೆ ಫರಸಿ ಕಲ್ಲಿನ ಚಾವಣಿ. ಕಲ್ಲಿನ ಕೆಳಗೆ ಮಲಗಲು ಅವಳಿಗೆ ಭಯವಿರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ನನಗೆ ಇಂಡಿಗೆ ವರ್ಗವಾಯಿತು. ಒಂದು ಸಂತೆಯ ದಿನ ನಿಂಬೆಹಣ್ಣಿನ ಚೀಲಗಳ ನಡುವೆ ಅಕ್ಕನ ಗಂಡ ಕಂಡ. ಮೊದಲೆಲ್ಲ "ಏನ ತಂಗಿ" ಎನ್ನುತ್ತಿದ್ದವನು, ಎದ್ದು ನಿಂತು, "ನಮಸ್ಕಾರ್ರಿ ಅಕ್ಕೋರ" ಎಂದ. ಚಹಾ ಕುಡಿಯಿರಿ ಎಂದು ಹತ್ತಿರದ ಅಂಗಡಿಗೆ ಕರೆದ. ಹೋಗಬಾರದೆಂದುಕೊಂಡರೂ ಹೋದೆ.

"ಹ್ಯಾಂಗದಾಳ್ರಿ?"

"ಚಲೋ ಅದಾಳ್ರಿ ಮಾವ" ಎಂದೆ. ಅವನು ಬಸಿಯಲ್ಲಿನ ಚಹಾ ನೋಡುತ್ತ ಕುಳಿತ.

"ಆಕಿ ಚಲೋ ಆಗಾಕತ್ಯಾಳ ಅಂತ ನನಗ ಯಾರೂ ಹೇಳಲಿಲ್ರಿ. ನನ್ನ ಮಾರಿ ನೋಡೂದ ಆಕಿಗಿ ಬ್ಯಾಡಾಗೇತಿ ಅಂದ್ರು. ಅದು ಖರೇ ಇರ್ಬೇಕು ಅನ್ನಸ್ತು ನನಗ. ನಾ ಮಾಡಿದ್ದ ಹಂಗಿತ್ತು."

ಏನು ಮಾಡಿದಿರಿ ಎಂದು ಕೇಳಿದೆ. ಹಾಗೆ ಕೇಳಬೇಕೆಂದು ಯೋಚಿಸಿ ಕೇಳಿದ್ದಲ್ಲ. ಮಾತಿಗೆ ಮಾತು ಬಂತು.

"ಆ ದಿನ ನಾನೂ ಅಲ್ಲೇ ಒಡ್ಡಿನ ಕೆಲಸಕ್ಕ ಇದ್ನಿ, ಮೊದಲ ಓಡಿ ಬಂದಾಂವ ನಾನರಿ. ಒಂದ ಕಡೆ ಕೈ ಕಾಣ್ತಿತ್ತು, ಇನ್ನೊಂದ ಕಡೆ ಸೀರಿ ಸೆರಗು. ಕೈ ಆಕೀದು. ಬಳಿ ನೋಡಿ ಗೊತ್ತಾತು. ಸೆರಗು ತಮ್ಮನ ಹೇಂತೀದು. ಅದೂ ಗೊತ್ತಾತು. ನಾ ಕೈ ಇದ್ದಲ್ಲೇ ಕೆದರಿದ್ನಿ. ಜನ ಬಂದು ಆ ಕಡೆ ಕೆದರೂತನಕ ಹೊತ್ತ ಮೀರಿತ್ತು." ಅವನು ಬಸಿಯನ್ನು ಮುಂದಕ್ಕೆ ಸರಿಸಿದ. "ತಮ್ಮ ಸೊಲ್ಲಾಪುರಕ್ಕ ಗಿರಣಿ ಕೆಲಸಕ್ಕ ಹೋದಾಂವ ಹೊಳ್ಳಿ ಊರಿಗಿ ಬರ್ಲಿಲ್ಲ. ನನ್ನ ಸಂಗಾಟ ಮಾತ ಬಿಟ್ಟಾನ."

"ಇದನ್ನ ಯಾರ ಮುಂದರೆ ಹೇಳೀರೇನ್ರಿ?"

"ಇಲ್ರಿ. ಯಾರೂ ಕೇಳಲಿಲ್ಲ."

ಅಷ್ಟು ಸಲ ನಮ್ಮ ಕಟ್ಟೆಯ ಮೇಲೆ ಚೀಲ ಇಟ್ಟು ಕುಳಿತವನು ಇವನು. ಮಳೆಯ ಮಾತಾಡಿಸಿ ಕಳಿಸಿದೆವು. ಹೆಂಡತಿಗೆ ಹೇಳಬೇಕೆಂದು ಬಂದಿದ್ದನೋ, ಅಪ್ಪನಿಗೆ ಹೇಳಬೇಕೆಂದು ಬಂದಿದ್ದನೋ. ಅವನಿಗೂ ಏನೋ ಆಗಿರಬಹುದೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಮಣ್ಣಿನ ಒಳಗಿದ್ದವಳನ್ನು ಮಾತ್ರ ನೋಡಿದೆವು.

ಮುಂದಿನ ರಜೆಗೆ ಸಿಂದಗಿಗೆ ಹೋದಾಗ ಅಕ್ಕನಿಗೆ ಹೇಳಿದೆ. ಅವಳು ಕೌದಿಗೆ ಸೂಜಿ ಹಾಕುತ್ತಿದ್ದಳು. ಕೈ ನಿಲ್ಲಿಸಿದಳು.

"ನನಗ ಗೊತ್ತಿತ್ತು" ಎಂದಳು. "ಮಣ್ಣಾಗ ಇದ್ದಾಗನ ಗೊತ್ತಾತು. ಆ ಕೈ ಹಿಡದದ್ದು ಅವರ ಅಂತ. ನನ್ನ ಬಿಡ್ರಿ, ಆಕಿನ್ನ ತಗೀರಿ ಅಂತ ಕೂಗಬೇಕಂದ್ರ ಬಾಯಿ ತುಂಬ ಮಣ್ಣ. ಅದಕ್ಕ ಅವರ ಮಾರಿ ನೋಡಾಕ ಆಗ್ತಿರಲಿಲ್ಲ. ಅವರಿಗಿ ಇದನ್ನ ಹೇಳಬೇಕಂತನ ಅವತ್ತ ಹಸರ ಸೀರಿ ಉಟಗೊಂಡು ಹೋಗಿದ್ನಿ."

"ಈಗರೆ ಹೇಳಿ ಕಳಸ್ಲೇನಕ್ಕಾ? ಅಂವ ಇಂಡಿ ಸಂತಿಗಿ ಬರ್ತಾನ."

ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಒಳಗಿನಿಂದ ಆ ತಾಯಿ ಊಟಕ್ಕೆ ಕರೆದಳು.

"ಹೇಳು" ಎಂದಳು ಅಕ್ಕ. "ಆಕಿಗಿ ನಿಮ್ಮ ಮ್ಯಾಲ ಸಿಟ್ಟಿಲ್ಲ ಅಂತ ಹೇಳು. ಉಳದದ್ದು ನಾನ ಹೇಳಬೇಕು, ನಿನಗ ಹೇಳಾಕ ಬರೂದಿಲ್ಲ."

ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಕೊಂಡ. ಸಿಂದಗಿಗೆ ಒಮ್ಮೆ ಹೋಗಿ ಬರ್ರಿ ಎಂದೆ. ಆಗಲಿ ಎಂದ. ಮನೆಯಲ್ಲಿ ಎರಡು ಮಕ್ಕಳಾಗಿದ್ದವು, ಹೆಂಡತಿ ಬಸುರಿ ಇದ್ದಳು. ಅವನು ಹೋಗಲಿಲ್ಲ. ಅಕ್ಕನೂ ದಾರಿ ನೋಡಲಿಲ್ಲ, ಅಥವಾ ನೋಡಿದ್ದನ್ನು ನನಗೆ ತೋರಿಸಲಿಲ್ಲ.